ಮೇಲ್ಸೇತುವೆಯ ಕಾರೂ ನ್ಯಾಯಶಾಸ್ತ್ರದ ಹೊಳೆಯೂ

2024ರ ಅಕ್ಟೋಬರ್ ತಿಂಗಳ ನಡುವಿನ ಒಂದು ಸಂಜೆ. ಚೆನ್ನೈಗೆ ಭಾರಿ ಮಳೆಯ ಮುನ್ಸೂಚನೆ ಬಂದಿತ್ತು. ಹೇಳಿಕೊಳ್ಳುವಂಥ ಮಳೆ ಇನ್ನೂ ಬಿದ್ದಿರಲಿಲ್ಲ. ಅಷ್ಟರೊಳಗೆ ವೇಲಚೇರಿಯ ಮೇಲ್ಸೇತುವೆಯ ಅಂಚಿಗೆ ಕಾರುಗಳು ಒಂದರ ಹಿಂದೊಂದು ಬಂದು ನಿಂತುಬಿಟ್ಟವು. ತಗ್ಗಿನ ಬೀದಿಗಳ ಜನ ತಮ್ಮ ವಾಹನಗಳನ್ನು ಎತ್ತರಕ್ಕೆ ಸಾಗಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ನಡೆದು ಮನೆ ಸೇರಿದರು. ಆ ಸಾಲಿನ ಚಿತ್ರ ದೇಶದ ತುಂಬ ಹರಿದಾಡಿತು.

ಅದೇ ಸಂಜೆ ವೇಲಚೇರಿಯಲ್ಲೇ ಇರುವ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಒಂದು ಮಾತುಕತೆ ನಡೆಯಿತು. ನಾವೆಲ್ಲ ‘ಮಾಮಾ’ ಎಂದು ಕರೆಯುವ ಮೂರನೇ ಮಹಡಿಯ ಹಿರಿಯರು ಕಾರು ತೆಗೆಯಲು ಹೊರಟಿದ್ದರು. ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬಂದು ಆರು ತಿಂಗಳಾಗಿದ್ದ ಹುಡುಗನೊಬ್ಬ ನನ್ನ ಪಕ್ಕದಲ್ಲಿ ನಿಂತಿದ್ದ.

“ಸರ, ಮಳಿ ಎಲ್ಲೈತ್ರಿ? ಮಾಮಾ ಸುಮ್ಮನ ಹೆದರ್‍ಯಾರ ನೋಡ್ರಿ” ಅಂದ.

ಮಾಮಾ ಅವರಿಗೆ ಕನ್ನಡ ಬಾರದು. ನಾನು ತಮಿಳಿನಲ್ಲಿ ದಾಟಿಸಿದೆ. ಅವರು ಮೆಟ್ಟಿಲ ಪಕ್ಕದ ಗೋಡೆಯನ್ನು ತೋರಿಸಿದರು. ಅಲ್ಲಿ ಪೇಂಟಿನಲ್ಲಿ ಎಳೆದ ಎರಡು ಗೆರೆಗಳಿವೆ. ಮೇಲಿನದು 2015ರ ನೀರಿನ ಮಟ್ಟ, ಕೆಳಗಿನದು 2023ರದು. “ಎರಡು ಸಲ ಬಂದ ನೀರು ಮೂರನೇ ಸಲ ಬರುವುದಿಲ್ಲವೇ?” ಎಂದು ಕೇಳಿದರು.

“ಎರಡು ಸಲ ಬಂತಂತ ಮೂರನೇದ್ದೂ ಬರ್ತೈತಿ ಅನ್ನೂದು ಯಾವ ಲೆಕ್ಕಾರೀ ಸರ?” ಹುಡುಗ ಬಿಡಲಿಲ್ಲ.

ಮಾಮಾ ಕಾರು ತೆಗೆದುಕೊಂಡು ಹೋದರು. ಹುಡುಗ ಮೇಲೆ ಹೋದ. ನಾನು ಮಾತ್ರ ಆ ಎರಡು ಗೆರೆಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಇಬ್ಬರೂ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ನಮಗೆ ಒಂದು ವಿಷಯ ‘ಗೊತ್ತು’ ಎಂದು ಹೇಳಲು ಏನಿರಬೇಕು, ‘ಗೊತ್ತಿಲ್ಲ’ ಎಂದರೆ ನಿಜವಾಗಿ ಏನು, ಗೊತ್ತಿರುವವರೂ ಗೊತ್ತಿಲ್ಲದವರೂ ಹೇಗೆ ಮಾತಾಡಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳು ಅದರೊಳಗೆ ಅಡಗಿದ್ದವು. ನಮ್ಮ ದೇಶದ ದಾರ್ಶನಿಕರು ಎರಡು ಸಾವಿರ ವರ್ಷ ಇವುಗಳ ಬೆನ್ನು ಹತ್ತಿದ್ದರು. ವಿಶೇಷವೆಂದರೆ, ಅವರು ಎತ್ತಿಕೊಂಡ ಉದಾಹರಣೆಗಳಲ್ಲೊಂದು ನೀರು ಏರುವುದರದೇ.

ಹೊಳೆ ತುಂಬಿದ್ದು ಯಾಕೆ?

ಗೌತಮನ ನ್ಯಾಯಸೂತ್ರಗಳು ಜ್ಞಾನದ ದಾರಿಗಳನ್ನು ನಾಲ್ಕೆಂದು ಎಣಿಸುತ್ತವೆ: ಕಣ್ಣಾರೆ ಕಾಣುವ ಪ್ರತ್ಯಕ್ಷ, ಗುರುತು ಹಿಡಿದು ಊಹಿಸುವ ಅನುಮಾನ, ಹೋಲಿಕೆಯಿಂದ ತಿಳಿಯುವ ಉಪಮಾನ, ನಂಬತಕ್ಕವರ ಮಾತಾದ ಶಬ್ದ. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಿ ಅದು ಸಂಶಯವನ್ನು ಕಳೆಯುವ ದಾರಿ.

ಅನುಮಾನದ ಬಗೆಗಳನ್ನು ವಿವರಿಸುವಾಗ ಭಾಷ್ಯಕಾರ ವಾತ್ಸ್ಯಾಯನ ಮಳೆಯನ್ನೇ ಹಿಡಿಯುತ್ತಾನೆ. ಮೋಡ ಕವಿದದ್ದನ್ನು ಕಂಡು ಮಳೆ ಬರುತ್ತದೆಂದು ಊಹಿಸುವುದು ಕಾರಣದಿಂದ ಕಾರ್ಯಕ್ಕೆ ಹೋಗುವ ದಾರಿ. ಹೊಳೆ ತುಂಬಿ ಬಂದದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ಊಹಿಸುವುದು ಕಾರ್ಯದಿಂದ ಕಾರಣಕ್ಕೆ ಹಿಂತಿರುಗುವ ದಾರಿ.

ಇಷ್ಟಕ್ಕೇ ನಿಂತಿದ್ದರೆ ಅದು ಶಾಲೆಯ ಪಾಠವಾಗುತ್ತಿತ್ತು. ಸೂತ್ರಕಾರ ಮುಂದೆ ಎರಡನೇ ಅಧ್ಯಾಯದಲ್ಲಿ ತನ್ನ ಎದುರಾಳಿಗೆ ಮಾತಾಡಲು ಬಿಡುತ್ತಾನೆ. ಎದುರಾಳಿ ಹೇಳುತ್ತಾನೆ: ಹೊಳೆ ತುಂಬುವುದಕ್ಕೆ ಮಳೆಯೇ ಬೇಕಾಗಿಲ್ಲ, ಕೆಳಗೆ ಎಲ್ಲೋ ತಡೆ ಬಿದ್ದರೂ ನೀರು ಏರುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಸಾಗಿದರೆ ಮಳೆಯ ಸೂಚನೆ ಎನ್ನುತ್ತೀರಿ, ಗೂಡಿಗೆ ಪೆಟ್ಟು ಬಿದ್ದರೂ ಅವು ಸಾಗುತ್ತವೆ. ನವಿಲಿನ ಕೂಗೆಂದು ತಿಳಿದದ್ದು ಮನುಷ್ಯನ ಅಣಕುಕೂಗು ಇರಬಹುದು. ಹಾಗಾಗಿ ಅನುಮಾನವನ್ನು ನಂಬಲಾಗದು.

ಆಕ್ಷೇಪಣೆ ಗಟ್ಟಿಯಾಗಿದೆ. ಉತ್ತರವೂ ಅಷ್ಟೇ ಗಟ್ಟಿ. ತಪ್ಪಿದ್ದು ಅನುಮಾನವಲ್ಲ, ಅವಸರದಲ್ಲಿ ಗುರುತು ಹಿಡಿದವನು. ಬರೀ ನೀರು ಏರಿದ್ದನ್ನು ಕಂಡು ಮಳೆ ಎಂದವನು ಎಡವುತ್ತಾನೆ. ಸೆಳವು ಹೆಚ್ಚಿದೆಯೇ, ನೊರೆ ತೇಲುತ್ತಿದೆಯೇ, ಹಣ್ಣು ಎಲೆ ಕಟ್ಟಿಗೆಗಳನ್ನು ಹೊತ್ತು ತರುತ್ತಿದೆಯೇ ಎಂದು ನೋಡಿದವನಿಗೆ ಮಳೆಯ ನೀರು ಬೇರೆ, ತಡೆಯ ನೀರು ಬೇರೆ ಎಂದು ತಿಳಿಯುತ್ತದೆ.

ವೇಲಚೇರಿಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಈ ಭೇದ ಪುಸ್ತಕದ ಮಾತಲ್ಲ. 2015ರ ಡಿಸೆಂಬರ್ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ ಬಿತ್ತು. ಅದು ಮಳೆಯ ನೀರು, ಸರಿ. ಆದರೆ ಮಳೆ ನಿಂತ ಮೇಲೂ ಇಲ್ಲಿನ ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತದ್ದು ತಡೆಯ ಕೆಲಸ. ಆದಂಬಾಕ್ಕಂ ಮತ್ತು ವೇಲಚೇರಿ ಕೆರೆಗಳ ಹೆಚ್ಚುವರಿ ನೀರು ವೀರಾಂಗಲ್ ಓಡೆಯ ಮೂಲಕ ಪಳ್ಳಿಕರಣೆಯ ಜೌಗಿಗೆ, ಅಲ್ಲಿಂದ ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೆ, ಕೊನೆಗೆ ಕೋವಳಂ ಅಳಿವೆಯಲ್ಲಿ ಕಡಲಿಗೆ ಸೇರಬೇಕು. ಈ ದಾರಿಯ ಒಂದೊಂದು ಹೆಜ್ಜೆಯಲ್ಲೂ ಕಟ್ಟಡ, ರಸ್ತೆ, ಕಸದ ರಾಶಿ. ನ್ಯಾಯಸೂತ್ರದ ಎದುರಾಳಿ ಹೇಳಿದ ‘ರೋಧ’, ಅಂದರೆ ತಡೆ, ಎಂಬ ಒಂದೇ ಪದದಲ್ಲಿ ಈ ಊರಿನ ಅರ್ಧ ಕಥೆಯಿದೆ.

ಇಲ್ಲದ್ದೋ, ಮುಚ್ಚಿದ್ದೋ?

ಇನ್ನರ್ಧ ಕಥೆ ಅಜ್ಞಾನದ್ದು. ಕೆರೆಯ ಹಾಸಿನಲ್ಲಿ, ಜೌಗಿನ ಅಂಚಿನಲ್ಲಿ ಇಷ್ಟು ಮನೆಗಳು ಎದ್ದದ್ದು ಹೇಗೆ? ‘ಯಾರಿಗೂ ಗೊತ್ತಿರಲಿಲ್ಲ’ ಎಂದರೆ ಸುಳ್ಳಾಗುತ್ತದೆ. ವೇಲಚೇರಿಯ ಕೆರೆ ಎಲ್ಲರ ಕಣ್ಣೆದುರಿಗೇ ಇತ್ತು. ಪಳ್ಳಿಕರಣೆಯ ಜೌಗಿಗೆ ತಮಿಳಿನಲ್ಲಿ ‘ಕಳುವೆಳಿ’ ಎಂಬ ಹೆಸರೇ ಇತ್ತು. ಆದರೆ ಬಹುಕಾಲ ಅದನ್ನು ಕೆಲಸಕ್ಕೆ ಬಾರದ ಬಂಜರೆಂದೇ ಎಣಿಸಲಾಯಿತು. ನೀರು ಉಂಡು ನಿಧಾನವಾಗಿ ಬಿಡುವ ನೆಲವನ್ನು ಖಾಲಿ ನೆಲವೆಂದು ಕಂಡರು. ಚಿಪ್ಪಿನಲ್ಲಿ ಬೆಳ್ಳಿಯನ್ನು, ಹಗ್ಗದಲ್ಲಿ ಹಾವನ್ನು ಕಂಡಂತೆ ಕೆರೆಯಲ್ಲಿ ಸೈಟು ಕಂಡಿತು. ಬೆಂಗಳೂರಿನವರು ಇದರ ಬಗ್ಗೆ ಬೆರಳು ತೋರಿಸುವ ಹಾಗಿಲ್ಲ. ಧರ್ಮಾಂಬುಧಿ ಕೆರೆಯ ಹಾಸಿನಲ್ಲೇ ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಇಲ್ಲಿಯೇ ಭಾರತೀಯ ದರ್ಶನದ ಒಂದು ದೊಡ್ಡ ಜಗಳ ನೆನಪಾಗುತ್ತದೆ. ಅಜ್ಞಾನವೆಂದರೆ ಬರೀ ಜ್ಞಾನದ ಅಭಾವವೇ, ಅಥವಾ ಅದು ವಸ್ತುವನ್ನು ಮುಚ್ಚುವ ಇನ್ನೊಂದು ಏನೋ?

ಕತ್ತಲೆಯನ್ನು ತೆಗೆದುಕೊಳ್ಳಿ. ನ್ಯಾಯ–ವೈಶೇಷಿಕರ ಪ್ರಕಾರ ಕತ್ತಲೆಯೆಂಬ ವಸ್ತು ಇಲ್ಲ, ಬೆಳಕು ಇಲ್ಲದಿರುವುದೇ ಕತ್ತಲೆ. ಕುಮಾರಿಲಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ಒಪ್ಪಲಿಲ್ಲ. ಕತ್ತಲೆ ಕಪ್ಪಗಿದೆ, ದೀಪ ಸರಿದ ಹಾಗೆ ತಾನೂ ಸರಿಯುತ್ತದೆ. ಬಣ್ಣವೂ ಚಲನೆಯೂ ಇರುವುದು ಬರೀ ಅಭಾವವಾದೀತೇ ಎಂದು ಕೇಳಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ರಾತ್ರಿ ಕರೆಂಟು ಹೋದಾಗ ನಮ್ಮ ಮೆಟ್ಟಿಲ ಮೇಲೆ ಮೇಣದಬತ್ತಿ ಹಿಡಿದು ಇಳಿದಿದ್ದೆ. ಕೆಳಗೆ ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಕಾಣುತ್ತಿರಲಿಲ್ಲ. ಕತ್ತಲೂ ನೀರೂ ಒಂದೇ ಕಪ್ಪಾಗಿದ್ದವು. ಒಣ ಮೆಟ್ಟಿಲೆಂದು ತಿಳಿದು ಇಟ್ಟ ಕಾಲು ಮೊಣಕಾಲವರೆಗೆ ಇಳಿಯಿತು. ಅವತ್ತು ನನ್ನನ್ನು ಬೀಳಿಸಿದ್ದು ‘ಗೊತ್ತಿಲ್ಲ’ ಎಂಬುದಲ್ಲ. ಗೊತ್ತಿಲ್ಲವೆಂದು ಗೊತ್ತಿದ್ದರೆ ಗೋಡೆ ಹಿಡಿದು ತಡವಿಕೊಂಡು ಇಳಿಯುತ್ತಿದ್ದೆ. ‘ಇಲ್ಲಿ ಮೆಟ್ಟಿಲಿದೆ, ಒಣಗಿದೆ’ ಎಂಬ ನಂಬಿಕೆಯೇ ಬೀಳಿಸಿತು.

ವಿವರಣ ಪಂಥದ ಅದ್ವೈತಿಗಳು ಅವಿದ್ಯೆಯನ್ನು, ಅಂದರೆ ಅಜ್ಞಾನವನ್ನು, ‘ಭಾವರೂಪ’ (ಬರೀ ಅಭಾವವಲ್ಲದ್ದು) ಎಂದು ಕರೆದಾಗ ಕತ್ತಲ ಕೋಣೆಯ ದೀಪವನ್ನೇ ಉದಾಹರಣೆಯಾಗಿ ಕೊಟ್ಟರು. ಮೊದಲ ಬೆಳಕು ಯಾವುದನ್ನೋ ಓಡಿಸಿ ವಸ್ತುವನ್ನು ತೋರಿಸುವಂತೆ, ಜ್ಞಾನವೂ ಒಂದು ಮುಸುಕನ್ನು ಸರಿಸಿ ತೋರಿಸುತ್ತದೆ. ಗಾಢನಿದ್ದೆಯಿಂದ ಎದ್ದವನು ‘ನನಗೇನೂ ತಿಳಿಯಲಿಲ್ಲ’ ಎನ್ನುತ್ತಾನಲ್ಲ, ಆ ತಿಳಿಯದಿರುವಿಕೆಯನ್ನು ಅವನು ಅನುಭವಿಸಿಯೇ ಇದ್ದ ಎಂದೂ ವಾದಿಸಿದರು.

ಶ್ರೀಪೆರಂಬುದೂರಿನಿಂದ ಹೊಳೆನರಸೀಪುರಕ್ಕೆ

ಈ ಮಾತನ್ನು ಬೇರಿನಿಂದ ಅಲುಗಾಡಿಸಿದವರಲ್ಲಿ ಒಬ್ಬರು ವೇಲಚೇರಿಯಿಂದ ದೂರದವರಲ್ಲ. 2015ರ ನೆರೆಯಲ್ಲಿ ಸುದ್ದಿಯಾದ ಚೆಂಬರಂಬಾಕ್ಕಂ ಕೆರೆಯಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಶ್ರೀಪೆರಂಬುದೂರು, ರಾಮಾನುಜರು ಹುಟ್ಟಿದ ಊರು. ಕನ್ನಡಿಗರಿಗೆ ಅವರು ಮೇಲುಕೋಟೆಯ ಆಚಾರ್ಯರು. ಶ್ರೀಭಾಷ್ಯದಲ್ಲಿ ಅವರು ಅವಿದ್ಯೆಯ ಕಲ್ಪನೆಗೆ ಏಳು ತೊಡಕುಗಳನ್ನು ಒಡ್ಡಿದರು. ಅಜ್ಞಾನ ಇರುವುದು ಯಾರಲ್ಲಿ? ಜೀವನಲ್ಲಿ ಎಂದರೆ ಜೀವನೇ ಅಜ್ಞಾನದ ಫಲವೆನ್ನುತ್ತೀರಿ. ಬ್ರಹ್ಮದಲ್ಲಿ ಎಂದರೆ ಅದು ಜ್ಞಾನಸ್ವರೂಪ. ತಾನೇ ಬೆಳಗುವುದನ್ನು ಮುಚ್ಚುವುದು ಹೇಗೆ? ಅದು ಇದೆ ಎನ್ನಲು ಪ್ರಮಾಣವೇನು? ಅದನ್ನು ಕಳೆಯುವುದು ಯಾವುದು?

ಇದನ್ನೆಲ್ಲ ಕೇಳುವ ಮೊದಲು ರಾಮಾನುಜರು ಇನ್ನೊಂದು ಕೆಲಸ ಮಾಡಿದರು. ಅದ್ವೈತದ ನಿಲುವನ್ನು ಉದ್ದಕ್ಕೆ, ಅದ್ವೈತಿಯೇ ಬರೆದಂತೆ ಬಿಡಿಸಿಟ್ಟರು. ಆ ಭಾಗಕ್ಕೆ ‘ಮಹಾಪೂರ್ವಪಕ್ಷ’ ಎಂದೇ ಹೆಸರು. ಆಮೇಲೆಯೇ ‘ಮಹಾಸಿದ್ಧಾಂತ’.

ಈ ಶಿಸ್ತು ಕರ್ನಾಟಕದಲ್ಲಿ ಇನ್ನೂ ಮೇಲಕ್ಕೇರಿತು. ಬನ್ನೂರಿನಲ್ಲಿ ಹುಟ್ಟಿ, ಕಂಚಿಯಲ್ಲಿ ಶಾಸ್ತ್ರಗಳನ್ನು ಓದಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಶಿಷ್ಯರಾಗಿ, ವಿಜಯನಗರದಲ್ಲಿ ಗುರುಪೀಠದಲ್ಲಿದ್ದ ವ್ಯಾಸತೀರ್ಥರು ‘ನ್ಯಾಯಾಮೃತ’ ಬರೆದರು. ಜಗತ್ತು ಮಿಥ್ಯೆ ಎನ್ನುವಾಗ ‘ಮಿಥ್ಯೆ’ ಎಂದರೇನು? ಅದ್ವೈತ ಗ್ರಂಥಗಳಿಂದ ಐದು ಲಕ್ಷಣಗಳನ್ನು ಆರಿಸಿ, ಜೋಡಿಸಿ, ಒಂದೊಂದನ್ನೂ ಒರೆಗೆ ಹಚ್ಚಿದರು. ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ಯಲ್ಲಿ ಹೆಜ್ಜೆಹೆಜ್ಜೆಗೂ ಉತ್ತರ ಕೊಟ್ಟರು. ಅದಕ್ಕೆ ವ್ಯಾಸರಾಮಾಚಾರ್ಯರ ‘ತರಂಗಿಣಿ’, ಅದಕ್ಕೆ ಬ್ರಹ್ಮಾನಂದರ ಮರುತ್ತರ. ಇಂದಿಗೂ ಅದ್ವೈತಸಿದ್ಧಿ ಓದುವವನು ಆ ಐದು ಲಕ್ಷಣಗಳನ್ನು ಎದುರಾಳಿ ಜೋಡಿಸಿಟ್ಟ ಕ್ರಮದಲ್ಲೇ ಕಲಿಯುತ್ತಾನೆ. ಎದುರಾಳಿಯ ಮನೆಯನ್ನು ಅಷ್ಟು ಚೊಕ್ಕವಾಗಿ ಗುಡಿಸಿಕೊಟ್ಟು ಆಮೇಲೆ ಪ್ರಶ್ನೆ ಕೇಳಿದ ಪರಂಪರೆ ನಮ್ಮದು.

ಇನ್ನೊಂದು ಪ್ರಶ್ನೆ ಅದ್ವೈತದ ಒಳಗಿನಿಂದಲೇ, ಅದೂ ಇಪ್ಪತ್ತನೇ ಶತಮಾನದಲ್ಲಿ, ನಮ್ಮ ಕಡೂರು ಸೀಮೆಯವರಿಂದ ಬಂತು. 1880ರಲ್ಲಿ ಹುಟ್ಟಿದ ಯಲ್ಲಂಬಳಸೆ ಸುಬ್ಬರಾಯರು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದರು. ಮುಂದೆ ಅದು ಹೊಳೆನರಸೀಪುರದಲ್ಲಿ ನೆಲೆ ನಿಂತಿತು. 1948ರಲ್ಲಿ ಸಂನ್ಯಾಸ ತೆಗೆದುಕೊಂಡು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. 1975ರವರೆಗೆ ಬದುಕಿ ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದರು. 1929ರಲ್ಲಿ ಅವರು ಸಂಸ್ಕೃತದಲ್ಲಿ ‘ಮೂಲಾವಿದ್ಯಾನಿರಾಸ’ ಬರೆದರು. ಅಜ್ಞಾನವೆಂಬ ಭಾವರೂಪದ ಒಂದು ಬೇರು ಜಗತ್ತಿಗೆ ಮೂಲದ್ರವ್ಯವಾಗಿದೆ ಎಂಬುದು ಶಂಕರರ ಮಾತಲ್ಲ, ಮುಂದಿನ ವ್ಯಾಖ್ಯಾನಕಾರರ ಸೇರ್ಪಡೆ, ಒಂದನ್ನು ಇನ್ನೊಂದೆಂದು ಬೆರೆಸಿಕೊಳ್ಳುವ ‘ಅಧ್ಯಾಸ’ವನ್ನೇ ಶಂಕರರು ಅವಿದ್ಯೆ ಎಂದದ್ದು, ಗಾಢನಿದ್ದೆಯಲ್ಲಿ ಅಂಥ ಬೆರಕೆಯೇ ಇಲ್ಲ ಎಂದರು. ತಮ್ಮ ಮತದವರೇ ಆದ ದೊಡ್ಡ ವಿದ್ವಾಂಸರು ಅವರನ್ನು ವಿರೋಧಿಸಿದರು. ಸಚ್ಚಿದಾನಂದೇಂದ್ರರು ಮತ್ತೆ ಮತ್ತೆ ಮೂಲಭಾಷ್ಯದ ಮಾತಿಗೇ ಹಿಂತಿರುಗಿದರು.

ಇವರೆಲ್ಲರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಆದರೆ ನನ್ನ ಮೆಟ್ಟಿಲ ಮೇಲೆ, ನನ್ನ ಊರಿನ ಕೆರೆಯ ಮೇಲೆ ಹೊಳೆನರಸೀಪುರದ ಮಾತು ನೇರವಾಗಿ ಬೆಳಕು ಬೀರುತ್ತದೆ. ನಮ್ಮ ಅಜ್ಞಾನಕ್ಕೆ ಎಲ್ಲೋ ಅಡಗಿರುವ ದೊಡ್ಡ ಕತ್ತಲೆಯೇ ಬೇಕಿಲ್ಲ. ಇದನ್ನು ಅದೆಂದು ತಿಳಿಯುವ ದಿನನಿತ್ಯದ ಬೆರಕೆಯೇ ಸಾಕು.

ಸರಿಯಾಗಿ ಹೇಳಿದರೆ ಸಾಕೇ?

ಹಾಗಾದರೆ ಹೇಳಿದ್ದು ನಿಜವಾದರೆ ಅದು ಜ್ಞಾನವೇ? ಯಾರೋ ಕನಸು ಕಂಡು ಕಾರನ್ನು ಸೇತುವೆಗೆ ಸಾಗಿಸಿದರು, ಅವತ್ತೇ ನೀರು ಬಂತು ಎಂದಿಟ್ಟುಕೊಳ್ಳಿ. ಅವರಿಗೆ ನೀರು ಬರುತ್ತದೆಂದು ‘ಗೊತ್ತಿತ್ತೇ’? ಹನ್ನೆರಡನೇ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಇಂಥದೇ ಪ್ರಶ್ನೆ ಎತ್ತುತ್ತಾನೆ: ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆಗಳಿವೆ ಎಂದು ಒಬ್ಬ ಸುಮ್ಮನೆ ಹೇಳಿದ ಸಂಖ್ಯೆ ಸರಿಯಾಗಿಬಿಟ್ಟರೆ ಅದನ್ನು ಏನೆನ್ನುವುದು? 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರ್ ಮೂರು ಪುಟಗಳ ಲೇಖನದಲ್ಲಿ, ನಂಬಿಕೆಗೆ ಕಾರಣವಿದ್ದು ಅದು ನಿಜವೂ ಆಗಿದ್ದರೂ ಜ್ಞಾನವಾಗದೆ ಉಳಿಯಬಹುದೆಂದು ತೋರಿಸಿದಾಗ ಪಶ್ಚಿಮದ ತತ್ತ್ವಶಾಸ್ತ್ರ ಬೆಚ್ಚಿತು. ಎರಡೂ ಕಡೆಯ ಪಾಠ ಒಂದೇ. ಮಾತು ನಿಜವಾದರೆ ಸಾಲದು, ಆ ಮಾತಿಗೆ ನಾವು ಬಂದ ದಾರಿಯೂ ಅದೇ ನಿಜವನ್ನು ಮುಟ್ಟಿರಬೇಕು. ಫಲಿಸಿದ ಊಹೆಗೂ ಫಲಿಸದ ಎಚ್ಚರಿಕೆಗೂ ಬೆಲೆ ಕಟ್ಟುವಾಗ ನಾವು ಮರೆಯುವುದು ಇದನ್ನೇ.

ವಾದಕ್ಕೂ ಜಗಳಕ್ಕೂ ನಡುವೆ

ದಾರಿ ಸರಿಯಿದೆಯೇ ಎಂದು ಒಬ್ಬನೇ ಕೂತು ನೋಡಿಕೊಳ್ಳಲಾಗದು, ಇನ್ನೊಬ್ಬ ಬೇಕು. ಅದಕ್ಕೇ ನ್ಯಾಯಸೂತ್ರ ತಿಳಿಯತಕ್ಕ ಹದಿನಾರು ವಿಷಯಗಳಲ್ಲಿ ಮಾತುಕತೆಯ ಮೂರು ಬಗೆಗಳನ್ನೂ ಸೇರಿಸಿದೆ. ನಿಜ ತಿಳಿಯಬೇಕೆಂದು ಇಬ್ಬರೂ ಪ್ರಮಾಣ ಹಿಡಿದು ಮಾತಾಡುವುದು ವಾದ. ಗೆಲ್ಲಲೇಬೇಕೆಂದು ಮಾತನ್ನು ತಿರುಚುವುದಕ್ಕೂ ಸಿದ್ಧವಾಗಿರುವುದು ಜಲ್ಪ. ತನ್ನದೆಂಬ ನಿಲುವೇ ಇಲ್ಲದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ‘ವಿತಂಡವಾದ’ ಎಂಬ ನಮ್ಮ ಬೈಗುಳ ಅಲ್ಲಿಂದ ಬಂದದ್ದು.

ಜಲ್ಪ ವಿತಂಡಗಳನ್ನೂ ಶಾಸ್ತ್ರ ಪೂರ್ತಿ ತಳ್ಳಿಹಾಕಲಿಲ್ಲ. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಹಾಕುವಂತೆ ಅವೂ ಒಮ್ಮೊಮ್ಮೆ ಬೇಕು ಎಂದಿತು. ಆದರೆ ಇಂದು ನಮ್ಮ ಟಿವಿ ಚರ್ಚೆಗಳಲ್ಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಲಿಯೇ ಹೊಲವನ್ನೆಲ್ಲ ತುಂಬಿಕೊಂಡಿದೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಯಾಕೆಂದರೆ ಈ ನೆಲದಲ್ಲಿ ವಾದ ಒಂದು ಗೌರವದ ಕಸುಬಾಗಿತ್ತು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ, ಸಮಂತಭದ್ರಾಚಾರ್ಯರು ಪಾಟಲಿಪುತ್ರದಿಂದ ಕಂಚಿಯವರೆಗೆ ವಾದಕ್ಕಾಗಿ ಸುತ್ತಿದ್ದನ್ನು ಹೆಮ್ಮೆಯಿಂದ ಹೇಳುತ್ತದೆ. ತಮಿಳಿನ ಮಣಿಮೇಖಲೆಯ ನಾಯಕಿ ವಂಜಿಯಲ್ಲಿ ಬೇರೆಬೇರೆ ಮತದವರ ಮಾತನ್ನು ಒಬ್ಬೊಬ್ಬರಾಗಿ ಕೇಳಿ, ಕಂಚಿಯಲ್ಲಿ ಬೌದ್ಧ ತರ್ಕದ ಪಾಠ ಕಲಿಯುತ್ತಾಳೆ. ವೇಲಚೇರಿಗೂ ಇಂಥದೊಂದು ನೆನಪಿದೆ. ಇಲ್ಲಿನ ದಂಡೀಶ್ವರ ದೇವಾಲಯದ ಸ್ಥಳಪುರಾಣ, ವೇದಗಳೇ ಬಂದು ತಪಸ್ಸು ಮಾಡಿದ್ದರಿಂದ ಊರು ‘ವೇದಶ್ರೇಣಿ’ಯಾಯಿತು ಎನ್ನುತ್ತದೆ. ಜ್ಞಾನವೂ ತಪಸ್ಸು ಮಾಡಿ ತೊಳೆದುಕೊಳ್ಳಬೇಕಾಗುತ್ತದೆ ಎಂಬ ಆ ಕಥೆ ನನಗೆ ಬಲು ಇಷ್ಟ.

ಆ ಕಸುಬಿನ ನಿಯಮಗಳನ್ನು ನೋಡಿ. ವಾದದಲ್ಲಿ ಸೋಲುವ ‘ನಿಗ್ರಹಸ್ಥಾನ’ಗಳು ಇಪ್ಪತ್ತೆರಡು. ಅವುಗಳಲ್ಲೊಂದರ ಹೆಸರೇ ‘ಅಜ್ಞಾನ’: ಸಭೆಗೆ ಅರ್ಥವಾದ, ಮೂರು ಸಲ ಹೇಳಿದ ಮಾತು ನಿನಗೆ ಅರ್ಥವಾಗದಿದ್ದರೆ ನೀನು ಸೋತೆ. ಇನ್ನೊಂದು ‘ಅನನುಭಾಷಣ’: ಎದುರಿನವನು ಮೂರು ಸಲ ಹೇಳಿದ ಮಾತನ್ನು ತಿರುಗಿ ಹೇಳಲಾಗದಿದ್ದರೆ ನೀನು ಸೋತೆ. ಉತ್ತರ ಕೊಡಲಾಗದೆ ಸೋಲುವುದು ಆಮೇಲಿನ ಮಾತು. ಎದುರಿನವನ ಮಾತನ್ನು ಅವನದೇ ಅರ್ಥದಲ್ಲಿ ಹಿಡಿಯಲಾಗದಿದ್ದರೆ ಅಲ್ಲಿಗೇ ಆಟ ಮುಗಿಯಿತು. ಅಜ್ಞಾನವನ್ನು ಕಳೆಯಲು ಕಂಡುಕೊಂಡ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ನನ್ನ ತಪ್ಪು ನನಗೆ ಜ್ಞಾನದಂತೆಯೇ ಕಾಣುತ್ತದೆ; ಅದನ್ನು ತೋರಿಸಬಲ್ಲವನು ನನ್ನ ಎದುರು ಕೂತವನು ಮಾತ್ರ, ಅದೂ ನಾನು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರೆ.

ಟೇಪು ಹಿಡಿದ ಇಬ್ಬರು

ಅಕ್ಟೋಬರಿನ ಆ ವಾರ ಹೆದರಿದಷ್ಟು ಮಳೆ ಬರಲಿಲ್ಲ. ನಮ್ಮ ಗೇಟಿನೊಳಗೆ ನೀರು ನುಗ್ಗಲಿಲ್ಲ. ಮಾಮಾ ಸೇತುವೆಯಿಂದ ಕಾರು ತಂದಾಗ ಹುಬ್ಬಳ್ಳಿಯ ಹುಡುಗ ಕಾಯುತ್ತಿದ್ದ. ‘ನಾನು ಹೇಳಿರಲಿಲ್ಲವೇ’ ಎನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ.

“ಸರ, ಮಾಮಾ ಅವರ ಮಾತು ನಾ ಸರಿಯಾಗಿ ತಿಳಕೊಂಡೇನೋ ಇಲ್ಲೋ ಕೇಳ್ರಿ. ಎರಡು ಸಲ ನೀರು ಬಂದೈತಿ, ಅದಕ್ಕ ಈ ಸಲಾನೂ ಬರಬಹುದು. ಹೌದಿಲ್ರೀ?”

ನಾನು ದಾಟಿಸಿದೆ. ಮಾಮಾ ಯೋಚಿಸಿ ತಲೆ ಅಲ್ಲಾಡಿಸಿದರು. “ಹೇಳಿದ್ದು ಹಾಗೇ. ಆದರೆ ಕಾರಣ ಅದಲ್ಲ. ನಮ್ಮ ಅಂಗಳ ರಸ್ತೆಗಿಂತ ತಗ್ಗು. ಮಳೆ ಇಲ್ಲೇ ಬೀಳಬೇಕೆಂದಿಲ್ಲ, ಮುಂದೆ ನೀರು ಕಟ್ಟಿಕೊಂಡರೂ ಹಿಂದಕ್ಕೆ ಇಲ್ಲಿಗೇ ಬರುತ್ತದೆ” ಎಂದರು.

ನಡುವೆ ಕಾರಣ ಬದಲಿಸುವುದು ‘ಹೇತ್ವಂತರ’, ಅದೂ ಇಪ್ಪತ್ತೆರಡರಲ್ಲೊಂದು ಸೋಲು. ಜಲ್ಪವಾಗಿದ್ದರೆ ಹುಡುಗ ಚಪ್ಪಾಳೆ ತಟ್ಟಬಹುದಿತ್ತು. ಆದರೆ ವಾದದಲ್ಲಿ ಎಲ್ಲ ಸೋಲುಗಳನ್ನೂ ಎತ್ತಿ ಆಡುವುದಿಲ್ಲ. ಹುಡುಗ ಕೇಳಿದ್ದು ಒಂದೇ: “ಎಷ್ಟು ತಗ್ಗು ಐತ್ರಿ?”

ಮಾಮಾ ಅವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅಲ್ಲಿದ್ದ ನನಗೂ ಗೊತ್ತಿರಲಿಲ್ಲ. ಮಾಮಾ ಒಳಗಿನಿಂದ ಅಳತೆ ಟೇಪು ತಂದರು. ರಸ್ತೆಯ ಅಂಚಿನಿಂದ ಗೇಟಿನೊಳಗಿನ ಕಂಬದವರೆಗೆ ದಾರ ಬಿಗಿದು, ಹುಡುಗ ಫೋನಿನಲ್ಲಿ ಮಟ್ಟ ನೋಡಿದ. ದಾರದಿಂದ ನೆಲಕ್ಕೆ ಟೇಪು ಇಳಿಬಿಟ್ಟು ಮಾಮಾ ಬಗ್ಗಿ ಓದಿದರು. ಒಂದೂಕಾಲು ಅಡಿ.

ಗೋಡೆಯ ಎರಡು ಗೆರೆಗಳ ಕೆಳಗೆ ಈಗ ಮೂರನೆಯದೊಂದಿದೆ. ಅದು ನೀರಿನ ಗೆರೆಯಲ್ಲ, ರಸ್ತೆಯ ಮಟ್ಟ. ಅದನ್ನು ಎಳೆದವನು ಹುಬ್ಬಳ್ಳಿಯ ಹುಡುಗ. ಪೇಂಟಿನ ಡಬ್ಬಿ ಹಿಡಿದುಕೊಂಡು ನಿಂತವರು ಮಾಮಾ.